ಬರೀ ಕಲ್ಲು ತಿರುಗಿಸಿದ ಮೇಷ್ಟ್ರು

ಸ್ನೇಹಿತರೇ, ಇವತ್ತು ನನ್ನದೇ ಮ್ಯೂಸಿಯಂನಲ್ಲಿ ಚೆನ್ನಾಗಿ ಬೈಸಿಕೊಂಡೆ.

ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಊರಿನ ಹಳೇ ಸಾಮಾನು ಜೋಡಿಸಿಟ್ಟಿದ್ದೇನಲ್ಲ, ಅದನ್ನು ನೋಡಲು ತಿಪಟೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಸಿದ್ದಮ್ಮಜ್ಜಿ ಕೊಟ್ಟ ರಾಗಿ ಬೀಸುವ ಕಲ್ಲನ್ನು ತೋರಿಸುತ್ತಾ, ಗೂಟ ಹಿಡಿದು ಗರಗರ ತಿರುಗಿಸಿದೆ. ಹಿಟ್ಟಿನ ಮಿಲ್ಲಿಗೆ ಹೊರಟಿದ್ದ ಅಜ್ಜಿ ಆ ಸದ್ದಿಗೆ ಒಳಗೇ ನುಗ್ಗಿದಳು.

"ಬುಡಿ ಮೇಷ್ಟ್ರೇ, ಬುಡಿ! ಬರೀ ಕಲ್ಲು ತಿರುಗಿಸ್ಬಾರ್ದು ಕಣ್ರೀ, ಮನೇಲಿ ಕಾಳಿಲ್ದಂಗಾಯ್ತದೆ!"

"ಇದು ಮನೆಯಲ್ಲಮ್ಮ, ಮ್ಯೂಸಿಯಂ," ಎಂದರು ಸಾಹೇಬರು.

"ಅದು ಕಲ್ಲಿಗೆ ಗೊತ್ತಾ ಸ್ವಾಮಿ?"

'ಮುಟ್ಟಬೇಡಿ' ಎಂಬ ನನ್ನ ಚೀಟಿಯನ್ನು ಪಕ್ಕಕ್ಕೆ ತಳ್ಳಿ, ಅಜ್ಜಿ ಕಾಲು ಚಾಚಿ ಕುಳಿತಳು. ಮಿಲ್ಲಿನ ಚೀಲದಿಂದಲೇ ಒಂದು ಹಿಡಿ ರಾಗಿ ಹಾಕಿ ಬೀಸಿದಳು. ಸಾಹೇಬರ ಬೂಟಿನ ಮೇಲೆಲ್ಲ ಹಿಟ್ಟು.

"ತಿರುಗಿಸೋದಾದ್ರೆ ಕಾಳು ಹಾಕಿ. ಇಲ್ಲಾಂದ್ರೆ ನನ್ ಕಲ್ಲು ನಂಗೆ ಕೊಟ್ಬುಡಿ," ಎಂದು ಹೇಳಿ ಎದ್ದು ಹೋದಳು.

ಸಾಹೇಬರಿಗೋ ಮಹಾ ಖುಷಿ. ಬಂದವರಿಗೆಲ್ಲ ತಿರುಗಿಸಿ ತೋರಿಸಬೇಕೆಂದು ಅಪ್ಪಣೆ ಕೊಟ್ಟು ಹೋದರು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಳು ಹಾಕಿದರೆ ಇಲಿ ಬರುತ್ತದೆ, ಹಾಕದಿದ್ದರೆ ಅಜ್ಜಿ ಬರುತ್ತಾಳೆ.

ಇಲಿಗಾದರೆ ಬೋನಿಡಬಹುದು.