ಯಾರು ಅಂತ ಕೇಳದ ಮನೆ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಹೊಟ್ಟೆ ತುಂಬ ಮಂಡಕ್ಕಿ ಒಗ್ಗರಣೆ ತಿಂದು, ಕೈ ತೊಳೆದು ಕೂತ ಮೇಲೆ, ಇದು ನಾವು ಬರಬೇಕಿದ್ದ ಮನೆಯೇ ಅಲ್ಲ ಅಂತ ಗೊತ್ತಾಗೋದು?

ನನಗೆ ಮೊನ್ನೆ ಭಾನುವಾರ ಕೊಟ್ಟೂರಿನಲ್ಲಿ ಹಾಗಾಯಿತು. ನಾನೊಬ್ಬನೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ಜೊತೆ ಹೆಣ್ಣು ನೋಡಲು ಬಂದವರೂ ಇದ್ದರು!

ನನ್ನ ಅಕ್ಕ ಗಿರಿಜಾ ಈಗಷ್ಟೇ ಅಲ್ಲಿನ ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದಾಳೆ. ಆ ಜಾಗದಲ್ಲಿ ಮೊದಲು ಹತ್ತಿ ಮಿಲ್ ಇತ್ತು. ಮಿಲ್ ನಿಂತು, ಗೋಡೆ ಬಿದ್ದು, ಬಯಲೆಲ್ಲ ಜಾಲಿ ಬೆಳೆದು, ಕೊನೆಗೊಬ್ಬ ಬಿಲ್ಡರ್ ಬಂದ. ಅವನ ಮೊದಲ ಪ್ಲ್ಯಾನಿನಲ್ಲಿ ಬಾಗಿಲುಗಳು ಎದುರುಬದುರು ಇದ್ದವಂತೆ. ನಮ್ಮ ಮಂದಿ ಬಿಡ್ತಾರಾ? ಪಶ್ಚಿಮದ ಬಾಗಿಲು ಬೇಡ, ದಕ್ಷಿಣದ್ದಂತೂ ಬೇಡವೇ ಬೇಡ. ಬುಕಿಂಗೇ ಇಲ್ಲ. ಪಾಪ, ಎಂಜಿನಿಯರ್ ಪ್ಲ್ಯಾನ್ ಹರಿದು ಹೊಸದಾಗಿ ಬರೆದ. ಎಲ್ಲ ಮನೆಗಳ ಬಾಗಿಲೂ ಪೂರ್ವಕ್ಕೆ!

ಅದಕ್ಕೇ ಆ ಹತ್ತು ಮಹಡಿಯ ಕಟ್ಟಡ ದೊಡ್ಡ ಗೋಡೆಯ ಹಾಗೆ ಉದ್ದಕ್ಕೆ, ತೆಳ್ಳಗೆ ನಿಂತಿದೆ. ಪ್ರತಿ ಮಹಡಿಯಲ್ಲೂ ಓಣಿಯಂಥ ವರಾಂಡ, ಅದರ ಒಂದೇ ಬದಿಗೆ ಸಾಲು ಬಾಗಿಲು. ಒಂದೇ ಬಣ್ಣ, ಒಂದೇ ಹಿಡಿಕೆ, ಒಂದೇ ಗಣಪತಿ ಸ್ಟಿಕ್ಕರ್ (ಅದೂ ಬಿಲ್ಡರ್ ಕೊಟ್ಟದ್ದು). ನಂಬರ್ ಬೋರ್ಡು ಮಾತ್ರ ಇನ್ನೂ ಬಂದಿಲ್ಲ.

ಅಕ್ಕನ ಮಗಳು ರೇಖಾಳನ್ನು ನೋಡಲು ಹೊಳಲಿನಿಂದ ಹುಡುಗ, ಅವನ ತಂದೆ ತಾಯಿ ಬರುವವರಿದ್ದರು. ಹುಡುಗ ಹುಡುಗಿ ಫೋನಿನಲ್ಲೇ ಒಪ್ಪಿಕೊಂಡಾಗಿತ್ತು. ಬಾಕಿ ಇದ್ದದ್ದು ಹುಡುಗನ ತಾಯಿಯ 'ಹೂಂ' ಒಂದೇ. "ಆಕಿ ಭಾಳ ಸೂಕ್ಷ್ಮ ಅದಾಳ. ನೀನ ಗೇಟಿನಿಂದ ಕರ್ಕೊಂಡು ಬಾ. ಐದನೇ ಮಹಡಿ, ಮೆಟ್ಟಿಲಿಂದ ಮೂರನೇ ಬಾಗ್ಲಾ" ಅಂದಿದ್ದಳು ಅಕ್ಕ. ನಾನು ಕೂಡ್ಲಿಗಿಯಿಂದ ಸೀದಾ ಗೇಟಿಗೇ ಹೋಗಿ ನಿಂತೆ. ಗೃಹಪ್ರವೇಶದ ಗದ್ದಲದಲ್ಲಿ ಮನೆಯನ್ನು ಒಮ್ಮೆ ನೋಡಿದ್ದೆನಲ್ಲ, ಸಾಲದೇ?

ಕರೆಂಟ್ ಹೋಗಿತ್ತು. ಲಿಫ್ಟ್ ಬಂದ್. ಮೆಟ್ಟಿಲು ಹತ್ತಿದೆವು. ಹುಡುಗನ ತಂದೆ ಹೊಳೆ ನೀರು, ಮೆಕ್ಕೆಜೋಳ ಅಂತ ಮಾತು ತೆಗೆದರು. ನನ್ನ ಲೆಕ್ಕ ಎಲ್ಲೋ ತಪ್ಪಿತು. "ಬಂತ್ರಿ, ಬಂತು" ಅಂತ ಒಂದು ಮಹಡಿಗೆ ತಿರುಗಿದೆ. ಮೂರನೇ ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲನ್ನು ನಮ್ಮ ಕಡೆ ಯಾರಾದರೂ ತಟ್ಟುತ್ತಾರಾ? ಚಪ್ಪಲಿ ಬಿಟ್ಟು ಒಳಗೆ ನಡೆದೆವು.

ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದಳು. "ಬರ್ರಿ ಬರ್ರಿ, ಕುಂದರ್ರಿ. ಪ್ಯಾಟಿಗೆ ಹೋಗ್ಯಾರ, ಈಗ ಬರ್ತಾರ."

ಭಾವನ ಕಡೆಯ ಯಾರೋ, ಅಡುಗೆಗೆ ನೆರವಾಗಲು ಬಂದಿರಬೇಕು ಅಂದುಕೊಂಡೆ. ನಾವು ತನ್ನ ಗಂಡನನ್ನು ಕಾಣಲು ಬಂದವರು ಅಂತ ಆಕೆ ಅಂದುಕೊಂಡಿದ್ದಳು. ಬಂದವರಿಗೆ ನೀರು ಕೊಡುವ ಮೊದಲೇ 'ನೀವ್ಯಾರು' ಅಂತ ಕೇಳುವುದು ನಮ್ಮ ಸೀಮೆಯಲ್ಲಿ ಮರ್ಯಾದೆಯಲ್ಲ. ಕೇಳದಿದ್ದರೆ ಬಂದವರೂ ಹೇಳುವುದಿಲ್ಲ.

ನೀರು ಬಂತು. ಮಂಡಕ್ಕಿ ಒಗ್ಗರಣೆ ಬಂತು, ಜೊತೆಗೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. "ಇನ್ನೊಂದೀಟು ಹಾಕ್ಕೋರೆವ್ವಾ" ಅಂತ ಆಕೆ ಹುಡುಗನ ತಾಯಿಯ ತಟ್ಟೆಗೆ ಬಡಿಸಿಯೇಬಿಟ್ಟಳು. ಆ ಬಿಗಿ ಮುಖ ಸಡಿಲವಾಯಿತು. ಸಂಬಂಧ ಕುದುರಿತು ಅಂತ ನಾನು ಒಳಗೊಳಗೇ ಖುಷಿಪಟ್ಟೆ.

"ಇನ್ನ ಹುಡುಗೀನ ಕರೀರೆವ್ವಾ" ಅಂದರು ಹುಡುಗನ ತಾಯಿ.

"ಹುಡುಗಿ ಟ್ಯೂಷನ್ನಿಗೆ ಹೋಗ್ಯಾಳಲ್ರಿ. ಯಾಕ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅಕ್ಕನ ಫೋನು. "ಎಲ್ಲಿ ಹೋಗಿ ಕುಂತಿಯಲೇ? ಉಪ್ಪಿಟ್ಟು ತಣ್ಣಗಾಗಾಕತ್ತೈತಿ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮನೆಯ ತಾಯಿ ಮಾತ್ರ ನಕ್ಕುಬಿಟ್ಟಳು. "ಇರ್ಲಿ ಬಿಡ್ರಿ. ಉಂಡಿದ್ದೇನು ಸುಳ್ಳಾಗಂಗಿಲ್ಲಲ್ಲ!"

ಕರೆಂಟ್ ಬಂದಿತ್ತು. ಲಿಫ್ಟ್ ಹೊಕ್ಕು ಐದು ಒತ್ತಿದೆ. ಅದು ಮೇಲೆ ಹೋಯಿತೋ ಕೆಳಗಿಳಿಯಿತೋ, ದೇವರಾಣೆ ನೆನಪಿಲ್ಲ.

ಈ ಸಲ ಬಾಗಿಲು ಮುಚ್ಚಿತ್ತು. ಬೆಲ್ ಒತ್ತಿದೆ. ಒಳಗಿನಿಂದ ಅಕ್ಕನ ದನಿ: "ಯಾರು?"

ಅವಳ ತಪ್ಪಲ್ಲ. ಯಾರಂತ ಕೇಳದೆ ಬಾಗಿಲು ತೆಗೆಯಬೇಡಿ ಅಂತ ಅಲ್ಲಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬರುತ್ತದಂತೆ. ಬಾಯಿಗೆ ರೂಢಿಯಾಗಿದೆ. ಆದರೆ ಹುಡುಗನ ತಾಯಿ ಮೆಲ್ಲಗೆ ಅಂದರು, "ಕರೀದವ್ರು ಉಣ್ಣಾಕ ಕೊಟ್ರು. ಕರದವ್ರು 'ಯಾರು?' ಅಂತಾರ."

ರೇಖಾ ಬಂದು ಕೂತಳು, ಎದ್ದು ಹೋದಳು. ಉಪ್ಪಿಟ್ಟನ್ನು ಯಾರೂ ಮುಟ್ಟಲಿಲ್ಲ (ಹೊಟ್ಟೆಯಲ್ಲಿ ಜಾಗ ಎಲ್ಲಿತ್ತು?). "ಹೇಳಿ ಕಳಿಸ್ತೀವ್ರಿ" ಅಂದು ಹೊರಟರು. ಹಾಗಂದರೆ ಏನರ್ಥ ಅಂತ ನಿಮಗೂ ಗೊತ್ತು. ರೇಖಾ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಳು. ನನ್ನ ಜೊತೆ ಮಾತು ಬಿಟ್ಟಳು. ನನಗೂ ಅನ್ನ ಸೇರಲಿಲ್ಲ.

ಬುಧವಾರ ಹುಡುಗನ ತಾಯಿಯೇ ಅಕ್ಕನಿಗೆ ಫೋನ್ ಮಾಡಿದರು. "ಹುಡುಗಿ ನಮಗ ಒಪ್ಪಿಗಿ ಐತ್ರಿ. ಆದ್ರ ಒಂದ ಮಾತು. ನಿಶ್ಚಿತಾರ್ಥದಾಗ ಆ ಮನಿ ಅವ್ವನ ಕೈಲೆ ಹುಡುಗಿಗೆ ಉಡಿ ತುಂಬಿಸ್ರಿ. ನಮ್ಮನಿಗೆ ಬರಾಕಿ ಅಂಥಾಕಿ ಆಶೀರ್ವಾದ ತಗೊಂಡ ಬರ್ಲಿ."

ಅಕ್ಕನಿಗೆ ಖುಷಿಯೋ ಖುಷಿ. ಕೂಡಲೇ ನನಗೆ ಫೋನ್. "ಯಾರಲೇ ಆಕಿ? ಯಾವ ಮಹಡಿ?"

ಎರಡೆರಡು ಸಲ ಹಾಕಿಸಿಕೊಂಡು ತಿಂದ ನಾನು ಹೆಸರು ಕೇಳಿರಲಿಲ್ಲ. ಹುಡುಗನ ತಾಯಿ ಅದು ಅಕ್ಕನ ಮನೆಗಿಂತ ಕೆಳಗೆ ಅಂತಾರೆ. ತಂದೆ, ಅಲ್ಲ ಮೇಲೆ ಅಂತಾರೆ. ಹುಡುಗನಿಗೆ ರೇಖಾ ಬಿಟ್ಟು ಬೇರೇನೂ ನೆನಪಿಲ್ಲ.

ನಿನ್ನೆ ಮತ್ತೆ ಹೋದೆ. ಉಪಾಯ ಸುಲಭ ಇತ್ತು. ಪ್ರತಿ ಮಹಡಿಯ ಮೂರನೇ ಬಾಗಿಲಿನ ಬೆಲ್ ಒತ್ತೋದು. ಒಳಗಿನಿಂದ 'ಯಾರು?' ಅಂದರೆ ಅದು ಆ ಮನೆ ಅಲ್ಲ. "ತಪ್ಪಿ ಬಂದೆ, ಸಾರಿ" ಅಂದು ಮುಂದಿನ ಮಹಡಿಗೆ ನಡೆಯೋದು. ಕೆಳಗಿನಿಂದ ಮೇಲಿನ ತನಕ ಒತ್ತಿದೆ. ಒಂದೊಂದು ಬಾಗಿಲ ಹಿಂದಿನಿಂದಲೂ ಅದೇ ಮಾತು: 'ಯಾರು?'

ಕೊನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮನೆ ನನಗೆ ಸಿಗಲೇ ಇಲ್ಲವೋ, ಅಥವಾ ನಮ್ಮನ್ನು ಒಳಗೆ ಬಿಟ್ಟುಕೊಂಡ ಮೇಲೆ ಆ ತಾಯಿಯೂ 'ಯಾರು?' ಅಂತ ಕೇಳೋದು ಕಲಿತುಬಿಟ್ಟಳೋ?