ಬೆಲ್ಜಿಯಂ ಹುಡುಗಿಯ ಬಲಗೈ

ಹೋದ ಭಾನುವಾರ ಗರಾಜು ಚೊಕ್ಕಟ ಮಾಡುತ್ತಿದ್ದಾಗ ಹಳೆಯ ಛತ್ರಿಗಳ ಹಿಂದೆ ಒಂದು ಟೆನಿಸ್ ಚೆಂಡಿನ ಡಬ್ಬಿ ಸಿಕ್ಕಿತು. ಸೀಲು ಒಡೆಯದ ಡಬ್ಬಿ. ಎತ್ತಿ ಕಸಕ್ಕೆ ಹಾಕುವುದು ಬಿಟ್ಟು, ಯಾವ ಬುದ್ಧಿ ಬಂತೋ, ಉಂಗುರಕ್ಕೆ ಬೆರಳು ಹಾಕಿ ಎಳೆದುಬಿಟ್ಟೆ. ‘ಪುಸ್’ ಎಂದಿತು. ಹೊಸ ರಬ್ಬರಿನ, ಅಂಟಿನ ಆ ವಾಸನೆ ಮೂಗಿಗೆ ಅಡರಿದ್ದೇ ತಡ, ಮೆಟ್ಟಿಲ ಮೇಲೆ ಕುಸಿದು ಕೂತೆ.

“ಏನಾಯ್ತೇ? ಬಿಪಿ ಮಾತ್ರೆ ತಗೊಂಡಿಲ್ವಾ?” ಎನ್ನುತ್ತಾ ನಮ್ಮ ಯಜಮಾನರು ಒಳಗಿನಿಂದ ಬಂದರು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಹಾಗೇ ಒಳಗೆ ಹೋದರು. ಇಂಥ ಹೊತ್ತಿನಲ್ಲಿ ಅವರು ನನ್ನನ್ನು ನನ್ನ ಪಾಡಿಗೆ ಬಿಡುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಕಲಿತ ಒಂದೇ ಒಂದು ಒಳ್ಳೆಯ ಗುಣ.

ಆರೇಳು ವರ್ಷದ ಹಿಂದಿನ ಮಾತು. ನಮ್ಮ ನಾರ್ತ್‌ವಿಲ್ ಹತ್ತಿರದ ಕ್ಲಬ್ಬೊಂದರಲ್ಲಿ ಆಗ ಬೇಸಿಗೆಗೊಂದು ಹೆಂಗಸರ ಟೆನಿಸ್ ಟೂರ್ನಮೆಂಟು ನಡೆಯುತ್ತಿತ್ತು. ಟೀವಿಯಲ್ಲಿ ಬರುವಂಥದ್ದಲ್ಲ, ಟೀವಿಯಲ್ಲಿ ಬರಬೇಕೆಂದು ಒದ್ದಾಡುವವರು ಆಡುವಂಥದ್ದು. ದೇಶದೇಶದಿಂದ ಬರುವ ಆ ಹುಡುಗಿಯರನ್ನು ಊರಿನವರೇ ವಾರದ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಹೈಸ್ಕೂಲಿನಲ್ಲಿ ಟೆನಿಸ್ ಆಡುತ್ತಿದ್ದ ನನ್ನ ಮಗಳು ಅಷ್ಟರಲ್ಲಿ ಕೆಲಸ ಹಿಡಿದು ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸಿಗೆ ಹೋಗಿದ್ದಳು. ಕೋಣೆ ಖಾಲಿ ಇತ್ತು, ಹೆಸರು ಬರೆಸಿದೆ. ಬಂದವಳು ಈ ಬೆಲ್ಜಿಯಂ ಹುಡುಗಿ.

ಹತ್ತೊಂಬತ್ತು ವರ್ಷ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮೂಗಿನ ಮೇಲೆಲ್ಲ ಬಿಸಿಲಿಗೆ ಎದ್ದ ಚುಕ್ಕೆ. ಮೊದಲ ದಿನವೇ ನನ್ನ ತಿಳಿಸಾರನ್ನು ಕಾಫಿ ಮಗ್ಗಿಗೆ ಹಾಕಿಕೊಂಡು ಎರಡು ಸಲ ಕುಡಿದಳು. ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ನನ್ನನ್ನು “ಆಂಟಿ” ಎಂದಳು. ಸಾಕಿತ್ತು, ನಾನು ಕರಗಿಹೋದೆ. ಅವಳ ಜೊತೆ ಅಪ್ಪನೂ ಬಂದಿದ್ದ. ಅವನೇ ಕೋಚು. ಅವನು ಫ್ರೀವೇ ಎಕ್ಸಿಟ್ಟಿನ ಬಳಿಯ ಮೋಟೆಲಿನಲ್ಲಿ ಉಳಿದಿದ್ದ. ಆಗೆಲ್ಲ ಅವನನ್ನು ‘ಅವರು, ಇವರು’ ಎನ್ನುತ್ತಿದ್ದೆ. ಈಗ ಬಾಯಿ ಬರುವುದಿಲ್ಲ.

ಆ ವರ್ಷ ಹುಡುಗಿಗೆ ಅದೃಷ್ಟ ತೆರೆದಿತ್ತು. ವಸಂತದಲ್ಲಿ ಎರಡು ಸಣ್ಣ ಟೂರ್ನಮೆಂಟು ಗೆದ್ದು ಬಂದಿದ್ದಳು. ಅವಳ ದೇಶದ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ನಮ್ಮೂರಿನದ್ದು ಮುಗಿದಮೇಲೆ ಮುಂದಿನ ಸೋಮವಾರ ಶಿಕಾಗೋ ಕಡೆ ಇನ್ನೊಂದು ಶುರು. ಅಲ್ಲಿ ಚೆನ್ನಾಗಿ ಆಡಿದರೆ ನ್ಯೂಯಾರ್ಕಿನ ದೊಡ್ಡ ಟೂರ್ನಮೆಂಟಿನ ಅರ್ಹತಾ ಸುತ್ತಿಗೆ ಬೇಕಾದ ರ‍್ಯಾಂಕು ಸಿಗುತ್ತದೆ ಎಂದು ಬೆರಳು ಮಡಚಿ ವಿವರಿಸಿದಳು. ಹದಿನೈದು ವರ್ಷದಿಂದ ಅವಳು ಬದುಕಿದ್ದೇ ಅದಕ್ಕೆ. ಏನು ಹೊಡೆತ ಅಂತೀರಿ! ಬಲಗೈ ಬೀಸಿದಳೆಂದರೆ ಚೆಂಡು ಹಿಂದಿನ ತಂತಿಬೇಲಿಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಬ್ಬ ಮುದುಕ ಅದನ್ನು ಕೋಲಿನಲ್ಲಿ ಚುಚ್ಚಿ ಬೀಳಿಸಬೇಕಾಗಿತ್ತು.

ಎರಡನೆಯ ದಿನ ಪ್ರಾಕ್ಟೀಸು ನೋಡಲು ಹೋದೆ. ಅಪ್ಪ ನೆಟ್ಟಿನ ಬಳಿ ಬುಟ್ಟಿ ಚೆಂಡು ಇಟ್ಟುಕೊಂಡು ನಿಂತಿದ್ದ. ಅವಳ ಒಂದು ಚೆಂಡು ನೆಟ್ಟಿಗೆ ಬಿತ್ತು. ಅವನು ಏನೋ ಅಂದ. ಅವಳು ರಾಕೆಟ್ಟು ಕೆಳಗಿಟ್ಟು, ಅವನಿಗೆ ಬೆನ್ನು ಮಾಡಿ ನಿಂತಳು. ಅವನು ಚೆಂಡೆತ್ತಿ ತನ್ನ ಬಲವನ್ನೆಲ್ಲ ಹಾಕಿ ಅವಳ ಬೆನ್ನಿಗೆ ಹೊಡೆದ. ‘ಧಪ್’ ಎಂದ ಸದ್ದು ನಾನು ಕೂತಲ್ಲಿಗೆ ಕೇಳಿತು. ಅವಳು ಅಲುಗಾಡಲಿಲ್ಲ. ತಿರುಗಿದಳು, ರಾಕೆಟ್ಟು ಎತ್ತಿಕೊಂಡಳು, ಆಟ ಮುಂದುವರಿಯಿತು. ತಪ್ಪಿಗೊಂದು ಏಟು… ಒಂದು ಗಂಟೆಯಲ್ಲಿ ಎಷ್ಟೋ. ಪಕ್ಕದಲ್ಲಿ ಕೂತಿದ್ದವರೆಲ್ಲ ಫೋನು ನೋಡುತ್ತಿದ್ದರು.

ನಾನೇನು ಮಾಡಿದೆ? ಮನೆಗೆ ಬಂದು ಯಜಮಾನರಿಗೆ, “ಅವರಪ್ಪ ಸ್ವಲ್ಪ ಸ್ಟ್ರಿಕ್ಟು. ಆದ್ರೂ ದಂಡಂ ದಶಗುಣಂ ರೀ, ಹಾಗ್ ಬೆಳೆಸಿದ್ದಕ್ಕೇ ಈ ಮಟ್ಟಕ್ಕೆ ಬಂದಿದಾಳೆ” ಅಂದೆ. ನಾಚಿಕೆಯಾಗುತ್ತದೆ ಬರೆಯುವುದಕ್ಕೆ. ನಮ್ಮಪ್ಪ ಮೈಸೂರಿನಲ್ಲಿ ಲೆಕ್ಕದ ಮೇಷ್ಟರು. ಲೆಕ್ಕ ತಪ್ಪಿದರೆ ಅಡಿಕೋಲು ನಿಲ್ಲಿಸಿ ನನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಆ ಏಟಿಗೇ ನಾನು ಇಂಜಿನಿಯರ್ ಆದದ್ದು ಎಂದು, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಇಲ್ಲಿನ ಪಾಟ್‌ಲಕ್ಕುಗಳಲ್ಲಿ ನಗುತ್ತಾ ಹೇಳಿಕೊಳ್ಳುವವಳು ನಾನು. ಎಲ್ಲರೂ ನಗುತ್ತಿದ್ದರು, ತಮ್ಮ ತಮ್ಮ ಅಪ್ಪಂದಿರ ಬೆಲ್ಟು, ಹುಣಸೆ ಬರಲಿನ ಕತೆ ಹೇಳುತ್ತಿದ್ದರು.

ಆದರೆ ಅಂದು ಸಂಜೆ ಹುಡುಗಿ ಬಗ್ಗಿ ಶೂ ಬಿಚ್ಚುವಾಗ ಅಂಗಿ ಮೇಲೆ ಸರಿಯಿತು. ಬೆನ್ನ ತುಂಬ ದುಂಡು ದುಂಡು ಬಾವು. ಕೆಂಪು, ನೀಲಿ, ಹಳೆಯದಾಗಿ ಹಳದಿಗೆ ತಿರುಗಿದ್ದು. ಅಯ್ಯೋ ಶಿವನೇ! ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಹಚ್ಚಿದೆ. ಅವಳು ದಿಂಬಿಗೆ ಮುಖ ಒತ್ತಿಕೊಂಡು ಮಲಗಿದ್ದಳು. ಹಚ್ಚಿ ಮುಗಿಸಿ ದೀಪ ಆರಿಸಿ ಬಂದೆ.

ಶುಕ್ರವಾರ ಸೆಮಿಫೈನಲ್‌ನಲ್ಲಿ ಸೋತಳು. ಪಾರ್ಕಿಂಗ್ ಲಾಟಿನಲ್ಲಿ, ನನ್ನ ಕಾರಿನ ಪಕ್ಕದಲ್ಲೇ, ಅವನು ಅವಳ ಕಪಾಳಕ್ಕೆ ಬಾರಿಸಿದ. ತುಟಿ ಒಡೆದು ಬಿಳಿ ಅಂಗಿಯ ಮೇಲೆ ರಕ್ತ ಬಿತ್ತು. ಮನೆಗೆ ಬಂದವಳು ಗರಾಜಿಗೆ ಹೋಗಿ ಸಿಮೆಂಟು ನೆಲಕ್ಕೆ ಒಂದರ ಮೇಲೊಂದು ಮೂರು ರಾಕೆಟ್ಟು ಬಡಿದು ಪುಡಿ ಮಾಡಿದಳು. ತಂತಿಗಳು ಕಿತ್ತು ಸಿಡಿದವು. ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

“ಆಂಟಿ, ನನ್ನನ್ನು ಶಿಕಾಗೋಗೆ ಬಿಡ್ತೀರಾ? ಅಲ್ಲೇ ಪಕ್ಕದ ಸ್ಕೋಕಿಯಲ್ಲಿ ಒಬ್ಬಳು ಕೋಚ್ ಇದಾಳೆ. ನನ್ನ ತಗೋತೀನಿ ಅಂದಿದಾಳೆ. ಸೋಮವಾರ ಬೆಳಿಗ್ಗೆ ಇಬ್ಬರೂ ಹೋಗಿ ಟೂರ್ನಮೆಂಟಿನವರಿಗೆ ಕಂಪ್ಲೇಂಟ್ ಕೊಡ್ತೀವಿ. ಆಮೇಲೆ ಪಪ್ಪನ್ನ ಗೇಟಿನೊಳಗೆ ಬಿಡಲ್ಲ. ಅಲ್ಲಿತನಕ ನಾನೆಲ್ಲಿದೀನಿ ಅಂತ ಅವನಿಗೆ ಹೇಳಬೇಡಿ. ಅದೊಂದೇ.”

ಅವಳ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಅವಳನ್ನು ಹಾಫ್‌ಮನ್ ಎಸ್ಟೇಟ್ಸಿನಲ್ಲಿ ಮಗಳ ಮನೆಯಲ್ಲಿ ಬಿಟ್ಟೆ. ಎರಡು ದಿನ ಅಲ್ಲಿದ್ದು ಸ್ಕೋಕಿಗೆ ಪ್ರಾಕ್ಟೀಸಿಗೆ ಹೋಗಿಬರುವುದು ಎಂದಾಯಿತು. ಮುನ್ನೂರು ಮೈಲಿ ಹತ್ತಿರ. ದಾರಿಯುದ್ದಕ್ಕೂ ಅವಳು ಕಿಟಕಿ ಇಳಿಸಿಕೊಂಡು ಹಾಡಿದ್ದೇ ಹಾಡಿದ್ದು. ಆ ಹುಡುಗಿಗೆ ಅಷ್ಟು ನಗು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಂದೇ ವಾಪಸು ಬಂದೆ.

ಭಾನುವಾರ ಬೆಳಿಗ್ಗೆ ಪೇಪರ್ ತರಲು ಬಾಗಿಲು ತೆಗೆದರೆ ಅವನು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಮುಚ್ಚಿಕೊಂಡು ಅಳುತ್ತಿದ್ದ. ಆಳೆತ್ತರದ ಗಂಡಸು, ಮಗುವಿನ ಹಾಗೆ ಬಿಕ್ಕುತ್ತಿದ್ದ. “ಐ ಆಮ್ ಹರ್ ಫಾದರ್” ಎಂದ. ಅಷ್ಟೇ. ಮತ್ತೆ ಮತ್ತೆ ಅದೇ ಮಾತು. ತಪ್ಪು ಮಾಡಿದೆ, ಅವಳ ಕಾಲು ಹಿಡಿದಾದರೂ ಕ್ಷಮೆ ಕೇಳುತ್ತೇನೆ ಎಂದ.

ಮದುವೆಯಾಗದ ಮಗಳನ್ನು ಹೆತ್ತವನಿಂದ ಬಚ್ಚಿಟ್ಟಿದ್ದೇನಲ್ಲ, ಈ ಪಾಪ ನನಗ್ಯಾಕೆ ಅನಿಸಿತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕಲ್ಲ, ರಾಜಿ ಮಾಡಿಸುವ ಚಪಲ. ನಮ್ಮ ಕನ್ನಡದವರಲ್ಲಿ ಅತ್ತೆ-ಸೊಸೆ, ಗಂಡ-ಹೆಂಡತಿ ಯಾರು ಕಿತ್ತಾಡಲಿ, ಎರಡೂ ಕಡೆಯವರನ್ನು ಒಂದು ಕಡೆ ಕೂರಿಸಿ ಕೋಸಂಬರಿ ತಿನ್ನಿಸಿ ಕಳಿಸುವವಳು ನಾನು. ಊರಿಗೆಲ್ಲ ದೊಡ್ಡ ಪಂಚಾಯ್ತಿಗಾರ್ತಿ.

“ಅವನಿಗೆ ಅಡ್ರೆಸ್ ಕೊಡ್ಬೇಡ ಕಣೇ” ಎಂದರು ಯಜಮಾನರು ಒಳಗೆ ಕರೆದು.

“ಅಡ್ರೆಸ್ ಯಾಕ್ ಕೊಡ್ಲಿ? ನಾನೇ ಜೊತೇಲಿ ಹೋಗ್ತೀನಿ. ನಾನಿದ್ರೆ ಏನ್ ಮಾಡ್ತಾರೆ?” ಎಂದೆ. ಇದನ್ನೇ ಜಾಣತನ ಅಂದುಕೊಂಡೆ.

ಚಿತ್ರಾನ್ನ ಕಲಸಿ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿದೆ. ಫ್ಲಾಸ್ಕಿಗೆ ಕಾಫಿ. ಅವನನ್ನು ನನ್ನ ಕಾರಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ರೆಸ್ಟ್ ಏರಿಯಾದಲ್ಲಿ ಕಾಫಿ ಕುಡಿದ. ಪರ್ಸಿನಿಂದ ಒಂದು ಫೋಟೋ ತೆಗೆದು ತೋರಿಸಿದ. ನಾಲ್ಕು ವರ್ಷದ ಮಗು, ತನಗಿಂತ ಉದ್ದದ ರಾಕೆಟ್ಟು ಹಿಡಿದು ನಿಂತಿತ್ತು. ನನ್ನ ಕಣ್ಣಲ್ಲೂ ನೀರು. ಹಾವಿಗೆ ಹಾಲೆರೆದವರ ಗಾದೆ ಕೇಳಿದ್ದೆ, ನಾನು ಅದಕ್ಕೆ ಸೀಟ್ ಬೆಲ್ಟು ಹಾಕಿ ಕರೆದುಕೊಂಡು ಹೋದೆ.

ಮಗಳ ಮನೆಯ ಬೆಲ್ಲು ಒತ್ತಿದೆ. ಹುಡುಗಿಯೇ ಬಾಗಿಲು ತೆಗೆದಳು. ಆಗಷ್ಟೇ ಪ್ರಾಕ್ಟೀಸಿನಿಂದ ಬಂದಿದ್ದಳು, ಹೆಗಲ ಮೇಲೆ ರಾಕೆಟ್ ಬ್ಯಾಗು ಇನ್ನೂ ಹಾಗೇ ಇತ್ತು. “ಆಂಟಿ!” ಎಂದು ಬಾಯ್ತುಂಬ ನಕ್ಕು ಮೆಟ್ಟಿಲಿಳಿದು ನನ್ನನ್ನು ತಬ್ಬಿಕೊಂಡಳು. ಆಮೇಲೆ ನನ್ನ ಹಿಂದೆ ನಿಂತವನನ್ನು ನೋಡಿದಳು. ನನ್ನ ಬೆನ್ನ ಮೇಲಿದ್ದ ಅವಳ ಕೈ ಕಲ್ಲಾದದ್ದು ನನಗೆ ತಿಳಿಯಿತು.

ಅವನು ನಯವಾಗಿ ಅವರ ಭಾಷೆಯಲ್ಲಿ ಏನೋ ಹೇಳಿ, ಕಾರು ನಿಲ್ಲಿಸಿದ್ದ ಡ್ರೈವ್‌ವೇ ಕಡೆ ಕೈ ತೋರಿಸಿದ. ಅಷ್ಟರಲ್ಲಿ ಮಗಳು ಓಡಿ ಬಂದಳು.

“ಅಮ್ಮಾ, ವಾಟ್ ಡಿಡ್ ಯು ಡೂ?”

“ಸುಮ್ನಿರೇ. ಎಷ್ಟಾದ್ರೂ ಹೆತ್ತಪ್ಪ. ಅಪ್ಪ ಮಗಳು ಮಾತಾಡ್ಕೊಂಡು ಸರಿಯಾಗ್ಲಿ. ನಡುವೆ ನಾವ್ಯಾಕೆ?”

“ಅಮ್ಮಾ, ನೋ…”

ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡೆ. ಡಬ್ಬಿ ಇನ್ನೊಂದು ಕೈಯಲ್ಲಿತ್ತು. ಕಾಲಿನಿಂದ ಬಾಗಿಲು ತಳ್ಳಿ ಹಾಕಿದೆ. ಬಾಗಿಲು ಮುಚ್ಚಿಕೊಳ್ಳುವಾಗ ಹುಡುಗಿ ಅಪ್ಪನ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮೊದಲ ಸದ್ದು ಕಾರಿನ ಬಾಗಿಲು ಹಾಕಿದ್ದು ಅಂದುಕೊಂಡೆ. ಎರಡನೆಯದಕ್ಕೆ ಮಗಳು ನನ್ನನ್ನು ನೂಕಿ ಬಾಗಿಲು ತೆಗೆದಳು. ಅವನು ಅವಳ ಬಲಗೈಯನ್ನು ನನ್ನ ಕಾರಿನ ಬಾನೆಟ್ಟಿನ ಮೇಲೆ ಅದುಮಿ ಹಿಡಿದು, ಅವಳದೇ ರಾಕೆಟ್ಟನ್ನು ಅಡ್ಡ ಮಾಡಿ, ಅದರ ಅಂಚಿನಿಂದ ಮಣಿಕಟ್ಟಿನ ಮೇಲೆ ಕೊಡಲಿ ಹಾಕಿದಂತೆ ಹೊಡೆಯುತ್ತಿದ್ದ. ಏಟಿಗೊಂದು ಮಾತು ಹೇಳುತ್ತಿದ್ದ. ಕೂಗುತ್ತಲೂ ಇರಲಿಲ್ಲ. ಮೂರನೆಯ ಏಟಿಗೆ ಎಲುಬು ಮುರಿದ ಸದ್ದು ಕೇಳಿಸಿತು. ಹಸಿ ಕಡ್ಡಿ ಮುರಿದಂಥ ಸದ್ದು. ಅವಳು ಮೊಣಕಾಲೂರಿ ಕುಸಿದಳು. ಕೈ ಮಾತ್ರ ಮೇಲೇ, ಅವನ ಹಿಡಿತದಲ್ಲಿ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ… ಚಿತ್ರಾನ್ನದ ಡಬ್ಬಿಯನ್ನು ಎರಡೂ ಕೈಯಲ್ಲೆತ್ತಿ ಅವನ ತಲೆಗೆ ಅಪ್ಪಳಿಸಿದೆ. ಮುಚ್ಚಳ ಹಾರಿತು. ಅವನ ಕಿವಿಯ ಮೇಲಿಂದ ರಕ್ತ ಇಳಿಯಿತು. ಮತ್ತೆ ಹೊಡೆದೆ. ಅವನು ಬಿದ್ದಮೇಲೂ ಹೊಡೆದೆ, ಮೂಗಿಗೆ, ಬಾಯಿಗೆ. ನಿಲ್ಲಿಸಬೇಕು ಅನಿಸಲಿಲ್ಲ. ಹೊಡೆಯುವುದು ಅಷ್ಟು ಸಲೀಸು ಎಂದು ನನಗೆ ಅವತ್ತು ಗೊತ್ತಾಯಿತು. “ಅಮ್ಮಾ, ಸ್ಟಾಪ್!” ಎಂದು ಮಗಳು ಹಿಂದಿನಿಂದ ತಬ್ಬಿ ಎಳೆದಾಗ ಡ್ರೈವ್‌ವೇ ತುಂಬ ಹಳದಿ ಅನ್ನ, ಕಡ್ಲೆಕಾಯಿ ಬೀಜ, ರಕ್ತ. ಎದುರುಮನೆಯವನು ಹುಲ್ಲಿಗೆ ನೀರು ಬಿಡುತ್ತಿದ್ದ ಪೈಪನ್ನು ಹಿಡಿದೇ ನಿಂತುಬಿಟ್ಟಿದ್ದ. ಪೊಲೀಸರು ಬಂದು ಅವನಿಗೆ ಕೋಳ ಹಾಕುವಾಗ ಅವರಿಗೆ ಹೇಳಿದ್ದೂ ಅದೇ ಮಾತು, “ಐ ಆಮ್ ಹರ್ ಫಾದರ್.” ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ಹೇಳಿದ ಅದೇ ಧಾಟಿಯಲ್ಲಿ.

ಸೋಮವಾರದ ಪಂದ್ಯದ ಹೊತ್ತಿಗೆ ಅವಳು ಆಪರೇಷನ್ ಟೇಬಲ್ಲಿನ ಮೇಲಿದ್ದಳು. ಮಣಿಕಟ್ಟಿಗೆ ಪ್ಲೇಟು, ಸ್ಕ್ರೂಗಳು. ಮರುದಿನ ನಾನು ಫ್ಲಾಸ್ಕಿನಲ್ಲಿ ತಿಳಿಸಾರು ಹಿಡಿದುಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದೆ. ಮಗಳು ಮಾತ್ರ ಒಳಗೆ ಹೋಗಿ ಬಂದಳು.

“ನಿನ್ನ ನೋಡಲ್ವಂತೆ ಅಮ್ಮಾ.”

“ಕೋಪ ಮಾಡ್ಕೊಂಡಿದಾಳಾ?”

“ನೋ. ಒಂದೇ ಕೇಳಿದ್ಳು. ಆಂಟಿ ಬಾಗಿಲು ಯಾಕೆ ಹಾಕಿದ್ರು ಅಂತ.”

ಸಾರನ್ನು ಹಾಗೇ ವಾಪಸು ತಂದೆ.

ಅವನಿಗೆ ಜೈಲಾಯಿತು, ಆಮೇಲೆ ಅವನ ದೇಶಕ್ಕೆ ಅಟ್ಟಿದರು. ಎದುರುಮನೆಯವನು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೆ ಕೇಸಾಗಲಿಲ್ಲ. ಅವಳು ಒಂದು ವರ್ಷ ಬಿಟ್ಟು ಮತ್ತೆ ಆಡಿದಳಂತೆ. ಮೊದಲ ಸುತ್ತು, ಮೊದಲ ಸುತ್ತು, ಎಲ್ಲ ಕಡೆ ಮೊದಲ ಸುತ್ತಿನಲ್ಲೇ ಸೋಲು. ಚೆಂಡು ಬೇಲಿಯವರೆಗೆ ಹೋಗುತ್ತಿರಲಿಲ್ಲ. ನ್ಯೂಯಾರ್ಕು ನೋಡಲೇ ಇಲ್ಲ. ಈಗ ತನ್ನ ಊರಿನಲ್ಲಿ ಸಣ್ಣ ಮಕ್ಕಳಿಗೆ ಹೇಳಿಕೊಡುತ್ತಾಳೆ. ಮಗಳು ಹೋದ ವರ್ಷ ಒಂದು ವಿಡಿಯೋ ತೋರಿಸಿದಳು. ಮಕ್ಕಳಿಗೆ ಎಡಗೈಯಲ್ಲಿ ಚೆಂಡು ಹಾಕಿಕೊಡುತ್ತಿದ್ದಳು. ದಪ್ಪಗಾಗಿದ್ದಾಳೆ. ನಗುತ್ತಿದ್ದಳು… ಇರಬೇಕು. ನನಗೆ ಕನ್ನಡಕದಲ್ಲೂ ಸರಿಯಾಗಿ ಕಾಣಲಿಲ್ಲ.

ಅವಳು ಕೇಳಿದ್ದಕ್ಕೆ ಉತ್ತರ ಬರೆಯಲು ಎಷ್ಟು ಸಲ ಕೂತಿದ್ದೇನೋ. ನಮ್ಮ ಕಡೆ ಹೀಗೆ, ನಮ್ಮ ಪದ್ಧತಿ ಹೀಗೆ, ಅವನು ಅತ್ತ, ನಾನು ನಂಬಿದೆ… ಬರೆದದ್ದೆಲ್ಲ ಸುಳ್ಳೆನಿಸಿ ಅಳಿಸಿದ್ದೇನೆ. ಹೋದ ಭಾನುವಾರ ಗರಾಜಿನ ಮೆಟ್ಟಿಲ ಮೇಲೆ, ಅವಳು ಬಿಟ್ಟುಹೋದ ಡಬ್ಬಿಯ ವಾಸನೆ ಇನ್ನೂ ಆರದೆ ಇದ್ದಾಗ, ಮೈಸೂರಿನ ಮನೆ ಕಣ್ಣಿಗೆ ಕಟ್ಟಿತು. ಪಾಟ್‌ಲಕ್ಕುಗಳಲ್ಲಿ ನಾನು ಎಂದೂ ಹೇಳದ ಭಾಗ. ಅಪ್ಪ ಅಡಿಕೋಲು ತೆಗೆದುಕೊಂಡ ಕೂಡಲೇ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಪ್ಪ-ಮಗಳ ನಡುವೆ ತಾನ್ಯಾಕೆ ಎಂದು. ಗೆಣ್ಣಿನ ಮೇಲೆ ಏಟು ಬೀಳುವಾಗ ನಾನು ನೋಡುತ್ತಿದ್ದದ್ದು ಆ ಬಾಗಿಲನ್ನೇ.