ಕಂಪ್ಯೂಟರ್ ಜೋಡಿಸಿಕೊಟ್ಟ ರೇಡಿಯೋ ಪೊರ್ಬುಗಳು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಡಗಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಜಾಗದಲ್ಲಿ ನುಣ್ಣಗೆ ಹೊಳೆಯುವ ಗುಲಾಬಿ ಬಣ್ಣದ ಚರ್ಮ. ರೇಡಿಯೋದ ಬೆನ್ನು ಬಿಚ್ಚಿ, ಒಳಗೆ ಯಾವುದು ಬಿಸಿಯಾಗಿದೆ, ಯಾವುದು ತಣ್ಣಗೆ ಕೂತಿದೆ ಎಂದು ಅವರು ನೋಡುತ್ತಿದ್ದದ್ದು ಆ ಬೆರಳಿನಿಂದಲೇ. "ಮೀಟರು ಆಮೇಲೆ," ಎನ್ನುತ್ತಿದ್ದರು. "ಮೊದಲು ಮುಟ್ಟಿ ನೋಡಬೇಕು. ಜ್ವರ ಬಂದ ಮಗುವನ್ನು ಮುಟ್ಟುವುದಿಲ್ವಾ, ಹಾಗೆ."

ಉಡುಪಿಯ ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವರ ರಿಪೇರಿ ಅಂಗಡಿ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಬಹಳ ವರ್ಷ ಹಡಗುಗಳಲ್ಲಿ ವಯರ್‌ಲೆಸ್ ರಿಪೇರಿ ಮಾಡಿ, ಐವತ್ತು ದಾಟಿದ ಮೇಲೆ ಊರಿಗೆ ಬಂದವರು. ಮನೆ ಕಾಪುವಿನಲ್ಲಿ, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಪೊರ್ಬುಗಳು ಅನ್ನುತ್ತಾರೆ. ಹಾಗಾಗಿ ಇವರು ಎಲ್ಲರಿಗೂ ರೇಡಿಯೋ ಪೊರ್ಬುಗಳು. ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಹತ್ತಿರ ತುಳು. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದ ನನ್ನಂಥವಳ ಹತ್ತಿರ ಮಾತ್ರ ನಿಧಾನವಾದ, ಪುಸ್ತಕದಂಥ ಕನ್ನಡ.

ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಏನನ್ನಾದರೂ ಕೊಳ್ಳುವ ಮುಂಚೆ ಸಲಹೆ ಕೇಳಲು ಬಂದವರಿಗೆ ಅವರದು ಒಂದೇ ಪ್ರಶ್ನೆ: "ಎಂತ ಕೆಲಸಕ್ಕೆ? ಯಾರಿಗೆ?" ಸರಿಯಾದ ಉತ್ತರ ಬರದಿದ್ದರೆ, "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ" ಎಂದು ಕಳಿಸಿಬಿಡುತ್ತಿದ್ದರು. ಒಮ್ಮೆ ಕೊಲ್ಲಿಯಿಂದ ರಜೆಗೆ ಬಂದಿದ್ದ ಯುವಕನೊಬ್ಬ ತಂದೆಗೆಂದು ದೊಡ್ಡ ಟೇಪ್‌ರೆಕಾರ್ಡರ್ ತಂದು ತೋರಿಸಿದ. ಇವರು ಅದರ ಗುಂಡಿಗಳನ್ನು ಎಣಿಸಿ, "ನಿಮ್ಮ ಅಪ್ಪನಿಗೆ ಕಣ್ಣು ಕಾಣ್ತದಾ?" ಎಂದು ಕೇಳಿದರು. ಅವನು ಸಿಟ್ಟಾಗಿ ಹೊರಟುಹೋದ.

ನಾನು ಅವರ ಅಂಗಡಿಗೆ ಮೊದಲು ಹೋದದ್ದು ಒಂದು ಟ್ರಾನ್ಸಿಸ್ಟರ್ ಹಿಡಿದುಕೊಂಡು. "ಯಾರು ಕೇಳ್ಲಿಕ್ಕೆ?" ಎಂದರು.

"ನಮ್ಮವರು."

"ಕೆಲಸದಿಂದ ಬಂದ ಮೇಲೆ ಕೇಳುವುದಾ?"

"ಕೆಲಸ ಇಲ್ಲ. ಮಲಗಿದಲ್ಲೇ ಇದ್ದಾರೆ. ಐದು ವರ್ಷ ಆಯ್ತು."

ಅವರು ಅಲ್ಲೇ ಅದರ ಬೆನ್ನು ಬಿಚ್ಚಿದರು. ಅದೇ ಸಂಜೆ ಟ್ರಾನ್ಸಿಸ್ಟರನ್ನು ಸರಿಮಾಡಿ ಕೊಟ್ಟರು.

ನನ್ನ ಗಂಡ ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹುಟ್ಟೂರು ಬೆಳ್ಮಣ್. ಒಂದು ಮಳೆಗಾಲದ ಬೆಳಿಗ್ಗೆ ತಿರುವಿನಲ್ಲಿ ಫುಟ್‌ಬೋರ್ಡಿನಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೈಗಳಿಗೇನೂ ಆಗಿರಲಿಲ್ಲ, ಆದರೆ ಆ ಕೈಗಳಿಗೆ ಮಾಡಲು ಏನೂ ಉಳಿದಿರಲಿಲ್ಲ. ನಾವು ಪರ್ಕಳದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮಣಿಪಾಲದ ವಿದ್ಯಾರ್ಥಿಗಳ ಥೀಸಿಸ್‌ಗಳನ್ನು ನಾನು ಮನೆಯಲ್ಲೇ ಟೈಪು ಮಾಡಿಕೊಡುತ್ತಿದ್ದೆ. ಟೈಪ್‌ರೈಟರಿನ ಟಕಟಕ ಶುರುವಾದರೆ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬಸ್ಸಿನ ತುಂಬ ಜನರನ್ನು ನಗಿಸುತ್ತಿದ್ದ ಮನುಷ್ಯ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಣಿಪಾಲದಲ್ಲಿ ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವ ಒಂದು ಅಂಗಡಿ ತೆರೆಯಿತು. ಅಲ್ಲಿ ಒಂದು ಪ್ಯಾರಾ ನಡುವೆ ಸೇರಿಸಿದರೆ ಉಳಿದ ಪುಟಗಳು ತಾವೇ ಸರಿಯುತ್ತವೆ ಎಂದು ಸುದ್ದಿ. ನಾನು ನಂಬಲಿಲ್ಲ. ಆ ವಾರವೇ ಒಬ್ಬ ವಿದ್ಯಾರ್ಥಿನಿ ಮುಗಿದ ಥೀಸಿಸನ್ನು ಮರಳಿ ತಂದಳು. ಗೈಡ್ ಎರಡನೆಯ ಅಧ್ಯಾಯಕ್ಕೆ ಅರ್ಧ ಪುಟ ಸೇರಿಸಲು ಹೇಳಿದ್ದರು. ಅಲ್ಲಿಂದ ಮುಂದಿನ ಎಲ್ಲ ಪುಟಗಳನ್ನೂ ಮತ್ತೆ ಟೈಪು ಮಾಡಿದೆ. ಮಣಿಕಟ್ಟು ಊದಿಕೊಂಡಿತು. ಮುಂದಿನ ಸಲ ಬರಬೇಕಿದ್ದ ಮೂವರು ಬಾಗಿಲಲ್ಲೇ ನಿಂತು, "ಬೇಸರ ಮಾಡಬೇಡಿ ಮೇಡಂ, ಕಂಪ್ಯೂಟರಿನಲ್ಲೇ ಬೇಕಂತೆ" ಎಂದು ಹೇಳಿ ಹೋದರು. ಆ ಅಂಗಡಿಯವರು ನನ್ನನ್ನು ಕೆಲಸಕ್ಕೆ ಕರೆದರು. ಆದರೆ ಹಗಲಿಡೀ ನನ್ನ ಗಂಡನ ಹತ್ತಿರ ಯಾರು ಇರಬೇಕು?

ಪೊರ್ಬುಗಳ ಅಂಗಡಿಯ ಮೆಟ್ಟಿಲ ಬಳಿ ನಿಂತು ಎಲ್ಲ ಹೇಳಿದೆ. "ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡರೆ? ಆದರೆ ನನ್ನ ಹತ್ತಿರ ಇರುವುದು ಹೊಸದರ ಬೆಲೆಯ ಮೂರನೇ ಒಂದು ಪಾಲು."

ಅವರು ಕನ್ನಡಕ ತೆಗೆದು ಒರೆಸಿದರು. "ನನಗೆ ಕಂಪ್ಯೂಟರ್ ಗೊತ್ತಿಲ್ಲಮ್ಮ. ಒಂದು ತಿಂಗಳು ಕೊಡಿ. ಕಲಿಯುತ್ತೇನೆ."

ಆಗ ಅವರಿಗೆ ಅರವತ್ತರ ಹತ್ತಿರ. ಕಲಿತದ್ದು ಹೇಗೆಂದು ಆಮೇಲೆ ತಿಳಿಯಿತು. ಮಣಿಪಾಲದ ಆ ಅಂಗಡಿಗೇ ಹೋಗಿ, "ನಿಮ್ಮ ಸ್ಟೆಬಿಲೈಸರ್, ಫ್ಯಾನು ಎಲ್ಲ ರಿಪೇರಿ ಮಾಡಿ ಕೊಡ್ತೇನೆ. ದುಡ್ಡು ಬೇಡ. ಕಂಪ್ಯೂಟರಿನ ಮುಚ್ಚಳ ತೆಗೆದಾಗ ನನ್ನನ್ನು ಹತ್ತಿರ ನಿಲ್ಲಿಸಿಕೊಂಡರೆ ಸಾಕು" ಎಂದರಂತೆ. ಯಾರಿಗಾಗಿ ಎಂಬುದನ್ನೂ ಮುಚ್ಚಿಡಲಿಲ್ಲವಂತೆ. ಅಂಗಡಿಯವರು ಒಳ್ಳೆಯವರು, ನಿಲ್ಲಿಸಿಕೊಂಡರು.

ಒಂದು ಶನಿವಾರ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೀಟರು, ಟೈಲರುಗಳ ಟೇಪು, ಒಂದು ನೋಟ್‌ಬುಕ್. ಮೇಜನ್ನು ಅಳೆದರು. ಗೋಡೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ, "ಅಯ್ಯೋ ದೇವರೇ, ಇದು ಕರೆಂಟಾ?" ಎಂದರು. ಆಮೇಲೆ ನನ್ನನ್ನು ಎದುರು ಕೂರಿಸಿಕೊಂಡು ಒಂದೊಂದೇ ಕೇಳತೊಡಗಿದರು. ನಾನು ಅಂಗಡಿಯಲ್ಲಿ ಕೇಳಿ ಬಂದಿದ್ದ ಪಟ್ಟಿ ಒಪ್ಪಿಸಿದೆ: ಬಣ್ಣದ ಪರದೆ, ಹಾರ್ಡ್‌ಡಿಸ್ಕ್.

"ಅಕ್ಷರಕ್ಕೆ ಬಣ್ಣ ಎಂತಕ್ಕೆ?" ಎಂದರು. "ಕಪ್ಪು ಪರದೆ, ಜೇನಿನ ಬಣ್ಣದ ಅಕ್ಷರ. ಕಣ್ಣಿಗೆ ತಂಪು. ಹಾರ್ಡ್‌ಡಿಸ್ಕೂ ಬೇಡ. ಓದು ಮುಗಿಸಿದವರು ಅವರವರ ಊರಿಗೆ ಹೋಗ್ತಾರೆ. ಅವರ ಥೀಸಿಸನ್ನು ನೀವು ಯಾಕೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು? ಎರಡು ಫ್ಲಾಪಿ ಡ್ರೈವ್ ಹಾಕುವ. ಒಂದರಲ್ಲಿ ಟೈಪು ಮಾಡುವ ಪ್ರೋಗ್ರಾಂ, ಇನ್ನೊಂದರಲ್ಲಿ ಅವರ ಥೀಸಿಸ್. ಮುಗಿದ ಮೇಲೆ ಅವರ ಫ್ಲಾಪಿ ಅವರಿಗೆ."

"ಪೆಟ್ಟಿಗೆ?"

"ಹಳೆಯದು ಸಾಕು. ಪ್ರಿಂಟರೂ ಒಂದು ಹಳೆಯದು ಸಿಗ್ತದೆ. ಮದರ್‌ಬೋರ್ಡು ಹೊಸದೇ ಬೇಕು. ಕೀಬೋರ್ಡು ಇರುವುದರಲ್ಲಿ ಒಳ್ಳೆಯದು, ಅದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಕೈ ನೋಡಿದ್ದೇನೆ. ಸ್ಟೆಬಿಲೈಸರ್ ನಾನೇ ಕಟ್ಟಿ ಕೊಡ್ತೇನೆ."

ಎದ್ದವರು ಟೇಪು ಹಿಡಿದು ಮೇಜಿನಿಂದ ಮಂಚದವರೆಗಿನ ದೂರವನ್ನೂ ಅಳೆದರು. ನನ್ನ ಗಂಡ ಗೋಡೆಯ ಕಡೆ ತಿರುಗಿಯೇ ಇದ್ದರು. ಪೊರ್ಬುಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಇಣುಕಿ ನೋಡಿದೆ: ಕೀಬೋರ್ಡಿಗೆ ಎಂಟು ಅಡಿ ವಯರು.

"ಅಷ್ಟು ಉದ್ದ ಯಾಕೆ?"

"ಇರಲಿ," ಎಂದರು.

ಬಿಡಿಭಾಗ ತರಲು ಬೊಂಬಾಯಿಗೆ ತಾವೇ ಹೋದರು. ಅಲ್ಲಿ ಅವರ ತಂಗಿಯ ಮನೆಯಿತ್ತು. ಪರದೆಯನ್ನು ಎರಡು ಕಂಬಳಿಯಲ್ಲಿ ಸುತ್ತಿ, ಮದರ್‌ಬೋರ್ಡನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದರು. ಇಳಿದಾಗ ಅವರ ಕಾಲು ಎಷ್ಟು ಊದಿತ್ತೆಂದರೆ ಚಪ್ಪಲಿ ಹಿಡಿಸುತ್ತಿರಲಿಲ್ಲ.

ಜೋಡಣೆ ನಮ್ಮ ಮನೆಯಲ್ಲೇ. ಎರಡನೆಯ ದಿನ ಮಧ್ಯಾಹ್ನ ಎಲ್ಲ ಸೇರಿಸಿ ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು. ಬಿಚ್ಚಿದರು, ಸೇರಿಸಿದರು, ಮತ್ತೆ ಒತ್ತಿದರು. ಅದೇ ಕಪ್ಪು. ನನ್ನ ಇಷ್ಟೂ ವರ್ಷಗಳ ಉಳಿತಾಯ ಆ ಮೇಜಿನ ಮೇಲೆ ಬಾಯಿ ತೆರೆದು ಬಿದ್ದುಕೊಂಡಿತ್ತು. ಅಲ್ಲಿ ನಿಲ್ಲಲಾಗದೆ ನಾನು ಕಾಫಿಯ ನೆಪದಲ್ಲಿ ಅಡುಗೆಮನೆಗೆ ಹೋದೆ.

ಆಮೇಲಿನ ಮಾತು ನಾನು ಒಳಗಿನಿಂದ ಕೇಳಿಸಿಕೊಂಡದ್ದು. ಅವರಿಬ್ಬರು ಮಾತಾಡಿದ್ದು ತುಳುವಿನಲ್ಲಿ. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಂಡಕ್ಟ್ರೇ," ಪೊರ್ಬುಗಳು ಹೇಳುತ್ತಿದ್ದರು, "ಈ ಬೋರ್ಡಿಗೆ ಕಷ್ಟವಾದರೆ ಅದು ಕೂಗಿ ಹೇಳ್ತದೆ ಎಂದು ಜೊತೆಗೆ ಬಂದ ಕಾಗದದಲ್ಲಿ ಉಂಟು. ಆದರೆ ಹಡಗಿನ ಎಂಜಿನ್ ರೂಮಿನಲ್ಲಿ ನನ್ನ ಕಿವಿ ಹೋಗಿದೆ. ಮಾತು ಕೇಳ್ತದೆ, ಸಣ್ಣ ಕೀರಲು ಶಬ್ದ ಕೇಳುವುದಿಲ್ಲ. ಅದು ಕೂಗ್ತಾ ಉಂಟಾ?"

ನಾನು ಒಲೆಯ ಮುಂದೆ ಚಮಚ ಹಿಡಿದು ನಿಂತೇ ಇದ್ದೆ.

"ಒಂದು ಉದ್ದ, ಎರಡು ಗಿಡ್ಡ," ಎಂದಿತು ನನ್ನ ಗಂಡನ ಧ್ವನಿ.

"ಎಂತ ಹೇಳಿದಿರಿ?"

"ಒಂದು ಉದ್ದ, ಎರಡು ಗಿಡ್ಡ. ಪ್ರತಿ ಸಲವೂ ಹಾಗೇ."

"ಖಂಡಿತವಾ?"

"ಹನ್ನೆರಡು ವರ್ಷ ವಿಸಿಲ್ ಊದಿದ್ದೇನೆ ಮಾರಾಯ್ರೆ! ನನಗೆ ಗೊತ್ತಾಗುವುದಿಲ್ವಾ?"

ಅಷ್ಟು ದೊಡ್ಡ ಧ್ವನಿಯನ್ನು ನಾನು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ಅವರು ಗೋಡೆ ಬಿಟ್ಟು ಈ ಕಡೆ ತಿರುಗಿ, ಮೊಣಕೈ ಊರಿ ತಲೆ ಎತ್ತಿದ್ದರು. ಪೊರ್ಬುಗಳು ಕಾಗದದ ಮೇಲೆ ಬೆರಳು ಓಡಿಸಿದರು. ಒಂದು ಉದ್ದ, ಎರಡು ಗಿಡ್ಡ ಎಂದರೆ ಪರದೆಗೆ ಸಂಬಂಧಿಸಿದ ಕಾರ್ಡಿನ ತೊಂದರೆ. ಆ ಕಾರ್ಡನ್ನು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಗಟ್ಟಿಯಾಗಿ ಒತ್ತಿ ಕೂರಿಸಿದರು. ಸ್ವಿಚ್ಚು ಹಾಕಿದರು.

"ಈಗ?"

"ಒಂದೇ. ಗಿಡ್ಡ," ಎಂದರು ನನ್ನ ಗಂಡ.

ಪರದೆಯ ಮೂಲೆಯಲ್ಲಿ ಜೇನಿನ ಬಣ್ಣದ ಒಂದು ಸಣ್ಣ ಗೆರೆ ಮಿನುಗತೊಡಗಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಪೊರ್ಬುಗಳು ನನ್ನನ್ನು ಕರೆದು ಕೂರಿಸುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ. ಪರದೆಯನ್ನು ಮಂಚದ ಕಡೆ ತಿರುಗಿಸಿದರು. ಕೀಬೋರ್ಡನ್ನು ಎತ್ತಿಕೊಂಡು ಹೋದರು; ಎಂಟು ಅಡಿಯ ವಯರು ಮಂಚವನ್ನು ಸರಿಯಾಗಿ ಮುಟ್ಟಿತು. ಊಟದ ಮಣೆಯೊಂದನ್ನು ಕೇಳಿ ಪಡೆದು, ನನ್ನ ಗಂಡನ ಹೊಟ್ಟೆಯ ಮೇಲೆ ಅಡ್ಡಲಾಗಿಟ್ಟು, ಅದರ ಮೇಲೆ ಕೀಬೋರ್ಡ್ ಇಟ್ಟರು.

"ನನಗೆ ಬರುವುದು ಎಸ್ಸೆಸ್ಸೆಲ್ಸಿ ಇಂಗ್ಲಿಷು," ಎಂದರು ಇವರು, ಕೈ ಹಿಂದಕ್ಕೆಳೆದುಕೊಂಡು.

"ಬಸ್ಸಿನ ಬೋರ್ಡು ಓದ್ಲಿಕ್ಕೆ ಬರ್ತದಲ್ಲ? ಅದನ್ನೇ ಬರೆಯಿರಿ."

ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಅವರು ಬರೆಯತೊಡಗಿದರು. ಉಡುಪಿ. ಮಣಿಪಾಲ. ಪರ್ಕಳ. ಹಿರಿಯಡಕ. ಬೈಲೂರು. ಕಾರ್ಕಳ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಪೊರ್ಬುಗಳು ಆರಿದ್ದನ್ನೇ ಕುಡಿದು, ಬಿಸಿಲಿಳಿಯುವ ಮುಂಚೆ ಬಸ್ಸು ಹಿಡಿದರು. ಜೋಡಣೆಯ ಕೂಲಿಯನ್ನು ಮಾತ್ರ ಪೂರ್ತಿ ತೆಗೆದುಕೊಂಡರು. "ತೆಗೆದುಕೊಳ್ಳದಿದ್ದರೆ ನಾಳೆ ಕೆಟ್ಟಾಗ ನೀವು ನನ್ನನ್ನು ಬೈಯುವುದು ಹೇಗೆ?"

ಬೈಯುವ ಸಂದರ್ಭವೂ ಬಂತು. ಮೂರನೆಯ ಥೀಸಿಸ್ ಅಚ್ಚಾಗುತ್ತಿದ್ದಾಗ ಆ ಹಳೆಯ ಪ್ರಿಂಟರಿನಲ್ಲಿ ಅಕ್ಷರ ಒತ್ತುವ ಸೂಜಿಗಳಲ್ಲಿ ಒಂದು ಕೆಟ್ಟು, ಪ್ರತಿ ಅಕ್ಷರದ ನಡುವೆ ಬಿಳಿ ಗೀರು ಬೀಳತೊಡಗಿತು. ಒಪ್ಪಿಸಲು ಮೂರೇ ದಿನ ಉಳಿದಿತ್ತು. ಪೊರ್ಬುಗಳು ಎರಡು ದಿನ ಅಂಗಡಿ ಮುಚ್ಚಿ ನಮ್ಮ ಮನೆಯ ನೆಲದ ಮೇಲೆ ಕೂತು ಅದನ್ನು ಸರಿಮಾಡಿದರು. ತಮ್ಮ ತಪ್ಪನ್ನು ಒಪ್ಪಿದ್ದು ನಾನು ನೋಡಿದಂತೆ ಅದೊಂದೇ ಸಲ. "ಇಲ್ಲಿ ಉಳಿಸಬಾರದಿತ್ತು. ಕೀಬೋರ್ಡು ಕಾಣುವುದು ನಿಮಗೆ ಮಾತ್ರ, ಪ್ರಿಂಟು ಊರಿಗೆಲ್ಲ ಕಾಣ್ತದೆ. ನನಗೆ ಹೊಳೆಯಲಿಲ್ಲ."

ಆಮೇಲೆ ಪ್ರತಿ ಶನಿವಾರ ಬರತೊಡಗಿದರು. ಕಡಲ ತೇವಕ್ಕೆ ಫ್ಲಾಪಿಗೆ ಬೂಸಲು ಹಿಡಿಯುತ್ತದೆಂದು ಬಲ್ಬು ಉರಿಯುವ ಮರದ ಪೆಟ್ಟಿಗೆಯೊಂದನ್ನು ಮಾಡಿ ತಂದರು. ಹೊರಗೆ ಹೇಳಿಕೊಳ್ಳಲು ಧೂಳು ಒರೆಸುವ ಕೆಲಸ. ಬರುತ್ತಿದ್ದದ್ದು ನನ್ನ ಗಂಡನ ಹತ್ತಿರ ಮಾತಾಡಲು. ಇಬ್ಬರೂ ತುಳುವಿನಲ್ಲಿ ಯಾರ್‍ಯಾರನ್ನೋ ಬೈಯುತ್ತ ನಗುತ್ತಿದ್ದರು. ನಾನು ಟೈಪು ಮಾಡಿದ್ದನ್ನು ಮೂಲದೊಂದಿಗೆ ಹೋಲಿಸಿ ತಿದ್ದುವ ಕೆಲಸ ನಿಧಾನವಾಗಿ ನನ್ನ ಗಂಡನದಾಯಿತು. ಒಮ್ಮೆ ಒಂದು ಕೋಷ್ಟಕದಲ್ಲಿ ರೋಗಿಗಳ ಮೊತ್ತ ಹೊಂದುವುದಿಲ್ಲ ಎಂದು ಅವರೇ ಹಿಡಿದರು. ವಿದ್ಯಾರ್ಥಿ ಲೆಕ್ಕ ಮಾಡಿ ನೋಡಿ, "ಸಾರ್, ನೀವು ಯಾವ ಕಾಲೇಜಿನಲ್ಲಿದ್ದಿರಿ?" ಎಂದು ಕೇಳಿದ. ಆ ರಾತ್ರಿ ಇವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಹೀಗೆ ಒಂದೂವರೆ ವರ್ಷ. ಒಂದು ಶನಿವಾರ ಪೊರ್ಬುಗಳು ಬರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿನವರೊಬ್ಬರು ಮನೆಗೆ ಬಂದು ಸುದ್ದಿ ಹೇಳಿದರು. ಹಿಂದಿನ ದಿನ ಅಂಗಡಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲವಂತೆ. ನಾನು ಕಾಪುವಿಗೆ ಹೋಗಿ ಬರುತ್ತೇನೆಂದು ಸೀರೆ ಬದಲಿಸಿ ಬಂದೆ. ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನಾನೂ ಬರುತ್ತೇನೆ."

ಏಳು ವರ್ಷಗಳಲ್ಲಿ ಆಸ್ಪತ್ರೆಗಲ್ಲದೆ ಅವರು ಹೊಸ್ತಿಲು ದಾಟಿರಲಿಲ್ಲ. ಹಳೆಯ ಡ್ರೈವರ್ ಗೆಳೆಯ ಒಂದು ಕಾರು ತಂದ. ಇಬ್ಬರು ಎತ್ತಿ ಕೂರಿಸಿದರು. ಕಾಪುವಿನ ಆ ಅಂಗಳದಲ್ಲಿ ಕುರ್ಚಿಯ ಸಮೇತ ಅವರನ್ನು ಒಳಗೆ ಒಯ್ಯುವಾಗ ಜನ ದಾರಿ ಬಿಟ್ಟರು. ಅವರು ಶವಪೆಟ್ಟಿಗೆಯ ಅಂಚನ್ನು ಹಿಡಿದು ಬಹಳ ಹೊತ್ತು ಕೂತರು. ಅಳಲಿಲ್ಲ. ಬರುವಾಗ ಕಾರಿನಲ್ಲಿ, ಉಡುಪಿ ದಾಟಿದ ಮೇಲೆ, ಅತ್ತರು.

ಎರಡು ವಾರದ ಮೇಲೆ ಪೊರ್ಬುಗಳ ಹೆಂಡತಿ ಪರ್ಕಳಕ್ಕೆ ಬಂದರು. ತೀರಿಕೊಂಡು ತಿಂಗಳಾದಾಗ ಚರ್ಚಿನಲ್ಲಿ ನಡೆಯುವ ಪೂಜೆಗೆ ಸಂಬಂಧಿಕರನ್ನು ಕರೆಯುವ ಕಾರ್ಡು ಆಗಬೇಕಿತ್ತು; ಬೊಂಬಾಯಿ, ಕೊಲ್ಲಿಯಲ್ಲಿ ಇರುವವರಿಗೂ ಕಳಿಸಬೇಕಾದ್ದರಿಂದ ಇಂಗ್ಲಿಷಿನಲ್ಲಿ. ಪೊರ್ಬುಗಳ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಆ ದಿನವೇ. ನಾಲ್ಕು ಪದಗಳ ಉದ್ದನೆಯ, ಚಂದದ ಹೆಸರು.

ನಾನು ಕೀಬೋರ್ಡಿನ ಮುಂದೆ ಕೂತೆ. ನನ್ನ ಗಂಡ ಮಂಚದಿಂದ ಕೈ ಚಾಚಿದರು.

"ಇಲ್ಲಿ ಕೊಡು. ಇದು ನಾನು ಮಾಡಬೇಕಾದ್ದು."

ಹತ್ತು ಸಾಲಿನ ಕಾರ್ಡಿಗೆ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ತೆಗೆದುಕೊಂಡರು. ಒಂದು ಸಲ ತಿದ್ದಿ ಕೊಡಲೇ ಎಂದು ನಾನು ಕೇಳಿದೆ. ಬೇಡ ಎಂದರು. ಅಚ್ಚಾಗಿ ಬಂದ ಮೇಲೆ ನಾನು ಕಿಟಕಿಯ ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ, ಅಕ್ಷರ ಅಕ್ಷರ ಓದಿದೆ. ಒಂದು ತಪ್ಪೂ ಇರಲಿಲ್ಲ.